ಸಮುದ್ರ ಸೇರುವ ನೀರು ಯಾರಿಗೆ ವ್ಯರ್ಥ?

ಪತ್ರ: ಮೀನು ಬರಲಿ ಎಂದು ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟು ಒಡೆದುಹಾಕಿದ್ದಾರೆ. ರೈತರ ನೀರನ್ನು ವ್ಯರ್ಥವಾಗಿ ಸಮುದ್ರಕ್ಕೆ ಬಿಡುವುದು ಯಾವ ನ್ಯಾಯ? ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಬೆಳೆದ ನನಗೆ ಹೊಟ್ಟೆ ಉರಿಯಿತು.
– ಮಂಡ್ಯ ಮೂಲದ ಓದುಗರು, ಸ್ಯಾಕ್ರಮೆಂಟೊ

ಉತ್ತರ: ನಾಲೆ ಬಯಲಿನವರ ಹೊಟ್ಟೆಯುರಿ ನನಗೂ ಗೊತ್ತು. ಕ್ಲಾಮತ್ ಸೀಮೆಯ ರೈತರ ಸಂಕಟವೂ ಸುಳ್ಳಲ್ಲ. 2001ರ ಬರದಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಅವರ ಹೊಲಗಳು ಒಣಗಿದವು. ಆದರೆ ಸ್ವಾಮಿ, ನೀವು ಮರುಗುತ್ತಿರುವ ಆ ನಾಲ್ಕು ಕಟ್ಟೆಗಳಿಂದ ಒಂದು ಗುಂಟೆ ನೆಲವೂ ನೆನೆಯುತ್ತಿರಲಿಲ್ಲ! ಅವು ಕರೆಂಟಿನ ಕಟ್ಟೆಗಳು. (ಅದರಲ್ಲೊಂದು ಪಕ್ಕದ ಆರೆಗಾನ್ ರಾಜ್ಯದಲ್ಲಿತ್ತು, ಇರಲಿ.) ಅವುಗಳ ಒಡೆತನದ ವಿದ್ಯುತ್ ಕಂಪನಿಯ ಒಟ್ಟು ವಿದ್ಯುತ್ತಿನಲ್ಲಿ ಅವುಗಳ ಪಾಲು ಶೇ 2ಕ್ಕಿಂತ ಕಡಿಮೆಯಿತ್ತು. ರೈತರಿಗೆ ನೀರು ಕೊಡುವ ಕಟ್ಟೆಗಳು ಮೇಲುಹೊಳೆಯಲ್ಲಿ ಇವತ್ತಿಗೂ ಹಾಗೇ ನಿಂತಿವೆ.

ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಬರುವ ಮೀನು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ. ಈ ಮಗಳು ಮಾತ್ರ ತಿರುಗಿ ಹೋಗುವುದಿಲ್ಲ, ಅಲ್ಲೇ ಸಾಯುತ್ತಾಳೆ. 1918ರಲ್ಲಿ ಆ ನಾಲ್ಕು ಕಟ್ಟೆಗಳಲ್ಲೊಂದಾದ ಕಾಪ್ಕೊ 1 ಎದ್ದಾಗ ತವರಿನ ಬಾಗಿಲು ಮುಚ್ಚಿತು. ಮೇಲಿನ ಕ್ಲಾಮತ್ ಬುಡಕಟ್ಟಿನವರಿಗೆ ಮೀನು ಹಿಡಿಯುವ ಹಕ್ಕನ್ನು ಸರ್ಕಾರ 1864ರ ಒಪ್ಪಂದದಲ್ಲೇ ಬರೆದುಕೊಟ್ಟಿತ್ತು. ಕಾಗದ ಉಳಿಯಿತು, ಮೀನು ಬರಲಿಲ್ಲ. ಕೆಳಗಿನ ಯುರಾಕ್ ಜನರ ಪಾಡು ಇನ್ನೊಂದು ಥರ: ಮೀನಿತ್ತು, ಹಿಡಿದರೆ ಕಳ್ಳರು. 1969ರಲ್ಲಿ ರೇಮಂಡ್ ಮ್ಯಾಟ್ಜ್ ಎಂಬಾತನ ಐದು ಬಲೆಗಳನ್ನು ಜಪ್ತಿ ಮಾಡಿದರು. ಬಲೆ ವಾಪಸು ಕೊಡಿ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಆ ಕಣಿವೆ ಇನ್ನೂ ಬುಡಕಟ್ಟಿನ ಮೀಸಲು ನೆಲವೇ ಎಂದು 1973ರಲ್ಲಿ ತೀರ್ಪಾಯಿತು. ಐದು ಬಲೆಗೆ ಒಂದು ನಾಡೇ ಸಿಕ್ಕಿಬಿತ್ತು ಅನ್ನಿ.

2002ರಲ್ಲಿ ರೈತರಿಗೆ ಮತ್ತೆ ನೀರು ಹರಿಯಿತು. ಸೆಪ್ಟೆಂಬರಿನಲ್ಲಿ ಕೆಳಗಿನ ಹೊಳೆ ಸೊರಗಿ, ಬಿಸಿಯಾಗಿ, ರೋಗ ಹರಡಿ ಕನಿಷ್ಠ 34 ಸಾವಿರ ಮೀನು ಸತ್ತು ತೇಲಿದವು. ಅದನ್ನು ಕಣ್ಣಾರೆ ಕಂಡವರು ಸುಮ್ಮನೆ ಕೂರಲಿಲ್ಲ. ಆಗ ವಿದ್ಯುತ್ ಕಂಪನಿಯ ಒಡೆತನ ಸ್ಕಾಟ್ಲೆಂಡಿನವರದು. 2004ರಲ್ಲಿ ಬುಡಕಟ್ಟಿನವರು ಅಲ್ಲಿಗೇ ಹೋಗಿ, ಕಟ್ಟೆ ತೆಗೆಯಿರಿ ಎಂದು ಷೇರುದಾರರ ಸಭೆಯ ಬಾಗಿಲಲ್ಲಿ ನಿಂತರು. ಸ್ಕಾಟ್ಲೆಂಡಿನವರಿಗೆ ಸಾಲ್ಮನ್ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ! ಆಮೇಲೂ 20 ವರ್ಷ ಹಿಡಿಯಿತು. 2024ರ ಶರತ್ಕಾಲದಲ್ಲಿ ಕೊನೆಯ ಕಟ್ಟೆ ಹೋದ ಕೆಲವೇ ವಾರಗಳಲ್ಲಿ ಸಾಲ್ಮನ್ ಆರೆಗಾನ್ ಗಡಿ ದಾಟಿ ಮೇಲೆ ಬಂತು. ನೂರು ವರ್ಷದ ಬಾಕಿ ಕೇಳಲು ಬಂದಂತೆ.

ಈಗ ನಿಮ್ಮ ‘ವ್ಯರ್ಥವಾಗಿ’. ಈ ಪದ ಲೇಖನಗಳಲ್ಲಿ ಕಂಡಾಗಲೆಲ್ಲ ನಾನು ಕೆಂಪು ಶಾಯಿ ಹಚ್ಚುತ್ತೇನೆ. ನಮ್ಮ ಉಪಸಂಪಾದಕರು ಬೇಸತ್ತಿದ್ದಾರೆ. 2007ರ ಕಾವೇರಿ ಐತೀರ್ಪಿನ 740 ಟಿಎಂಸಿಯಲ್ಲಿ ಪರಿಸರಕ್ಕೆಂದು ಇಟ್ಟದ್ದು 10. ಬಾಕಿಗೆ ಬೀದಿಗಿಳಿದ ನಮ್ಮಲ್ಲಿ ಯಾರಾದರೂ ಆ ಹತ್ತರ ಬಗ್ಗೆ ಬಾಯಿ ಬಿಟ್ಟದ್ದು ನೆನಪಿದೆಯೇ? ಕಾವೇರಿಯ ಬಿಳಿಮೀನಿಗೆ (ಗೂನುಬೆನ್ನಿನ ಮಹಶೀರ್) ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ನಾಮಕರಣದ ದಿನವೇ ತಿಥಿಗೆ ತಯಾರಿ. ಅಷ್ಟರಲ್ಲಿ ಹೊರಗಿನಿಂದ ತಂದು ಬಿಟ್ಟ ಅದರ ದಾಯಾದಿ ಜಾತಿ ಹೊಳೆಯನ್ನೆಲ್ಲ ಆಕ್ರಮಿಸಿತ್ತು. ಕಬಿನಿ ಕಟ್ಟೆಗೆ ಕಾಡು ಬಿಟ್ಟುಕೊಟ್ಟ ಜೇನುಕುರುಬರಿಗಂತೂ ತೋರಿಸಲು ಒಪ್ಪಂದದ ಕಾಗದವೂ ಇಲ್ಲ.

ನಿಮ್ಮೂರಿಂದ ಆ ಕಟ್ಟೆಗಳಿದ್ದ ಜಾಗಕ್ಕೆ ನಾಲ್ಕೈದು ಗಂಟೆಯ ಕಾರಿನ ದಾರಿ. ಅಕ್ಟೋಬರಿನಲ್ಲಿ ಒಮ್ಮೆ ಹೋಗಿ ಬಂದು ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ, ಒಂದೇ ಒಂದು ಪದ ಬಿಟ್ಟು.