ಒಳ್ಳೆಯ ಪೂಲ್ ಕ್ಯೂ, ಅಂದರೆ ಗುಳಿಗಳಿರುವ ಮೇಜಿನ ಮೇಲೆ ಆಡುವ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ತಯಾರಾಗಲು ತಿಂಗಳುಗಟ್ಟಲೆ ಏಕೆ ಬೇಕು? ಚಮತ್ಕಾರದ ಆಟಕ್ಕೆ ಬೇರೆ ಕ್ಯೂ ಬೇಕೇ?

ಕ್ಯೂವಿನ ಬೆಲೆ ಅದರ ಅಲಂಕಾರದಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಜೀವವಿರುವುದು ಶಾಫ್ಟ್‌ನಲ್ಲಿ, ಅಂದರೆ ಚೆಂಡಿನ ಕಡೆಗಿರುವ ತೆಳುವಾದ ಮುಂಭಾಗದಲ್ಲಿ. ಇದಕ್ಕೆ ಸಾಂಪ್ರದಾಯಿಕವಾಗಿ ಉತ್ತರ ಅಮೆರಿಕದ ಗಟ್ಟಿ ಮೇಪಲ್ ಮರವನ್ನು ಬಳಸುತ್ತಾರೆ. ನಾರು ನೇರವಾಗಿರುವ ತುಂಡನ್ನು ಆರಿಸಿ, ಲೇತ್‌ನಲ್ಲಿ ಒಮ್ಮೆಲೇ ಅಂತಿಮ ಗಾತ್ರಕ್ಕೆ ಇಳಿಸದೆ, ಪ್ರತಿ ಸಲವೂ ತುಸುವೇ ಹೆರೆದು ವಾರಗಟ್ಟಲೆ ಹಾಗೆಯೇ ಬಿಡುತ್ತಾರೆ; ಮರದೊಳಗಿನ ಬಿಗಿತ ಸಡಿಲಗೊಂಡು ಅದು ಬಾಗುವುದಾದರೆ ಆ ಬಿಡುವಿನಲ್ಲೇ ಬಾಗಲಿ ಎಂಬುದು ಇದರ ಉದ್ದೇಶ. ಬಾಗಿದ್ದನ್ನು ಮುಲಾಜಿಲ್ಲದೆ ಬದಿಗಿಡಬೇಕು. ಕೊನೆಗೆ ತುದಿಯಲ್ಲಿ ಉಳಿಯುವ ವ್ಯಾಸ ಸುಮಾರು 13 ಮಿ.ಮೀ. ಮಾತ್ರ.

ರಷ್ಯಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಕ್ಯೂ ತಯಾರಕ ಜಾರ್ಜ್ ಬಲಬುಷ್ಕಾ 1975ರಲ್ಲಿ ತೀರಿಕೊಂಡರು. ಅವರ ಕ್ಯೂಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಹಿಡಿಗೆ ಐರಿಶ್ ಲಿನನ್ ದಾರ ಸುತ್ತಿದ ಆ ಕ್ಯೂಗಳಲ್ಲಿ ಆಡಂಬರ ಕಡಿಮೆ, ಜೋಡಣೆಯ ಅಚ್ಚುಕಟ್ಟುತನ ಹೆಚ್ಚು. ನನಗೆ ಮೆಚ್ಚುಗೆಯಾಗುವುದೂ ಅದೇ.

ಇನ್ನು ಚಮತ್ಕಾರದ ಆಟ. ಚೆಂಡನ್ನು ಹಾರಿಸುವ ಹೊಡೆತಕ್ಕೆ ಗಿಡ್ಡವೂ ಹಗುರವೂ ಆದ, ಗಟ್ಟಿ ತುದಿಯ ಕ್ಯೂ ಅನುಕೂಲಕರ. ಚೆಂಡು ಬಾಗಿ ಸಾಗುವ ಮಾಸೆ ಹೊಡೆತದಲ್ಲಿ ಕ್ಯೂವನ್ನು ಬಹುತೇಕ ನೆಟ್ಟಗೆ ಎತ್ತಿ ಹಿಡಿಯುವುದರಿಂದ, ಸೀಮೆಸುಣ್ಣವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವ ಚರ್ಮದ ತುದಿ ಅತ್ಯಗತ್ಯ. ಆದರೆ ಪ್ರದರ್ಶನವೆಂದರೆ ಚಮತ್ಕಾರವಷ್ಟೇ ಅಲ್ಲ: 1954ರಲ್ಲಿ ಅಮೆರಿಕದ ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೂಲ್ ಆಟಗಾರ ವಿಲ್ಲಿ ಮೊಸ್ಕೋನಿ ಸತತವಾಗಿ 526 ಚೆಂಡುಗಳನ್ನು ಗುಳಿಗಿಳಿಸಿದ್ದು ಒಂದು ಪ್ರದರ್ಶನ ಪಂದ್ಯದಲ್ಲಿಯೇ.