ಪ್ರತಿಕ್ರಿಯೆ: ಓದಿಸೋದಕ್ಕಿಂತ ಬರೆಸಿ ನೋಡಿ

ಪೀಣ್ಯದ ನಿಮ್ಮ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸೋ ಯಂತ್ರಗಳ) ಘಟಕಕ್ಕೆ ಸೇರಿದ ಹನ್ನೆರಡು ಹುಡುಗರಿಗೆ ತರಬೇತಿಯ ಪಿಡಿಎಫ್ ವಾಟ್ಸಾಪ್‌ನಲ್ಲಿ ಕಳಿಸಿದ್ರೂ ಯಾರೂ ಓದ್ತಿಲ್ಲ, ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಬರೆಯೋ ಗೂಗಲ್ ಡಾಕ್ಸ್‌ನಿಂದ ಪ್ರಯೋಜನ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ ಸರ್. ಆದ್ರೆ ಅದೇ ಪಿಡಿಎಫ್ ತಗೊಂಡು ಹೋಗಿ ಅಲ್ಲಿ ಹಾಕಿದ್ರೆ ಆಗಲ್ಲ, ಹುಡುಗರ ಕೈಲೇ ಬರೆಸಬೇಕು.

ನಮ್ಮಲ್ಲಿ ಒಂದು ಕೆಲಸಕ್ಕೆ ಒಂದು ಡಾಕ್. ಮೊದಲು ಶುರು ಮಾಡಿದ್ದು ಟೂಲ್ ಆಫ್‌ಸೆಟ್, ಅಂದ್ರೆ ಕತ್ತರಿಸೋ ಟೂಲ್‌ನ ಅಳತೆ ಯಂತ್ರಕ್ಕೆ ಹಾಕೋದರಿಂದ. ಹೊಸಬ ಅವತ್ತು ಕಲಿತದ್ದನ್ನ ಅವತ್ತೇ ತನ್ನ ಮಾತಲ್ಲಿ ಬರೀತಾನೆ, ಹಳೇ ಆಪರೇಟರ್ 'ಸಜೆಸ್ಟಿಂಗ್' (ತಿದ್ದುಪಡಿ ಸೂಚಿಸೋ) ಮೋಡ್‌ನಲ್ಲಿ ತಿದ್ದುತ್ತಾರೆ. ಒಪ್ಪಿಕೊಳ್ಳೋವರೆಗೂ ಮೂಲ ಸಾಲು ಹಾಗೇ ಇರುತ್ತೆ, ಹಾಗಾಗಿ ತಪ್ಪು ಎಲ್ಲಿ ಅಂತ ಹುಡುಗನಿಗೇ ಕಾಣುತ್ತೆ. ಆಫ್‌ಸೆಟ್‌ನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋದ್ರೂ ಟೂಲ್ ಹೋಗಿ ಚಕ್‌ಗೆ (ಲೋಹದ ತುಂಡು ಹಿಡಿದಿರೋ ಭಾಗಕ್ಕೆ) ಬಡಿಯಬಹುದು. ಇಂಥ ಎಚ್ಚರಿಕೆಗಳನ್ನ ಯಾವ ಪಿಡಿಎಫ್‌ಗಿಂತ ಚೆನ್ನಾಗಿ ಬರೆದಿದ್ದು ನಮ್ಮ ಹಿರಿಯ ಆಪರೇಟರ್‌ಗಳೇ. ಟೈಪಿಂಗ್ ಬರದವರು ಫೋನಿನ ಗೂಗಲ್ ಕೀಬೋರ್ಡ್ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಹೇಳ್ತಾರೆ. ಅಷ್ಟು ವರ್ಷದ ಅನುಭವ ಅವರ ನಿವೃತ್ತಿ ಜೊತೆಗೇ ಹೊರಟುಹೋಗೋದನ್ನ ನೋಡಿ ನನಗೆ ತುಂಬಾ ಸಂಕಟ ಆಗ್ತಿತ್ತು. ಈಗ ಅದರಲ್ಲಿ ಸ್ವಲ್ಪವಾದ್ರೂ ಉಳೀತಿದೆ.

ಎರಡು ಪಾಳಿ ಇದ್ರೆ ಕಾಮೆಂಟ್ ತುಂಬಾ ಉಪಯೋಗ: ರಾತ್ರಿ ಪಾಳಿಯವನ ಪ್ರಶ್ನೆಗೆ ಬೆಳಗಿನವರು ಉತ್ತರ ಬರೆದಿಟ್ಟಿರ್ತಾರೆ. ಒಂದು ಡಾಕ್‌ನಲ್ಲಿ ಒಟ್ಟಿಗೆ 100 ಜನ ತಿದ್ದಬಹುದು, ಆದ್ರೂ ಮೂರು ನಾಲ್ಕು ಜನರ ಗುಂಪು ಮಾಡಿ. ಯಾರಾದ್ರೂ ಅಳಿಸಿಬಿಟ್ರೆ ವರ್ಷನ್ ಹಿಸ್ಟರಿಯಿಂದ (ಹಳೇ ಪ್ರತಿಗಳ ದಾಖಲೆ) ವಾಪಸ್ ತರಬಹುದು.

ಲಿಂಕ್ ಇದ್ದವರೆಲ್ಲ ತೆರೆಯೋ ಹಾಗೆ ಡಾಕ್ ಇಡಬೇಡಿ, ಗ್ರಾಹಕರ ಡ್ರಾಯಿಂಗ್ ಫೋಟೋ ಅದರಲ್ಲಿ ಹಾಕಲೇಬೇಡಿ. ಮೊದಲ ವಾರ ಒಂದೇ ಡಾಕ್ ಸಾಕು.