ಓದಿದವರಿಗೆ ಡಿಮೆನ್ಷಿಯಾ ಬರುವುದಿಲ್ಲವೇ?

ಪ್ರಶ್ನೆ: ನನ್ನ ತಂದೆ ನಿವೃತ್ತ ಗಣಿತ ಪ್ರಾಧ್ಯಾಪಕರು, ವಯಸ್ಸು 74. ಒಂದು ವರ್ಷದಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಬ್ಯಾಂಕಿನ ಲೆಕ್ಕದಲ್ಲಿ ಎಡವುತ್ತಾರೆ. ಆದರೂ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 28 ಅಂಕ ಬಂದಿವೆ. ಬುದ್ಧಿವಂತರಿಗೆ, ಹೆಚ್ಚು ಓದಿದವರಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಸ್ಥಿತಿ) ಬರುವುದಿಲ್ಲವೆಂದು ಬಂಧುಗಳು ಧೈರ್ಯ ಹೇಳುತ್ತಾರೆ. ನಿಜವೇ?

ಉತ್ತರ: ಬಂಧುಗಳ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ನಿಮ್ಮ ತಂದೆಯ ವಿಷಯದಲ್ಲಿ ಅದನ್ನು ನೆಚ್ಚಿಕೊಂಡು ಸುಮ್ಮನಿರುವುದು ಸರಿಯಲ್ಲ. ಹೆಚ್ಚು ವರ್ಷ ಕಲಿತವರಲ್ಲಿ ಡಿಮೆನ್ಷಿಯಾ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಬುದ್ಧಿಮತ್ತೆಯ ಪಾತ್ರ ಇಷ್ಟು ನೇರವಲ್ಲ. ಸ್ಕಾಟ್‌ಲೆಂಡಿನಲ್ಲಿ 1921ರಲ್ಲಿ ಹುಟ್ಟಿದ ಬಹುತೇಕ ಎಲ್ಲ ಮಕ್ಕಳಿಗೂ 1932ರಲ್ಲಿ ಬುದ್ಧಿಮತ್ತೆಯ ಪರೀಕ್ಷೆ ನಡೆದಿತ್ತು; ದಶಕಗಳ ನಂತರ ಅವರನ್ನು ಹುಡುಕಿ ನೋಡಿದಾಗ, ಬಾಲ್ಯದ ಅಂಕಗಳಿಗೂ ಮಿದುಳಿನ ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಷಿಯಾಕ್ಕೂ ಸಂಬಂಧ ಕಂಡಿತಾದರೂ ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯೊಂದಿಗೆ ಅಂಥ ಸಂಬಂಧ ಕಾಣಲಿಲ್ಲ. ಆದ್ದರಿಂದ ಚುರುಕುಬುದ್ಧಿ ಮಿದುಳನ್ನು ಕಾಯುವುದಕ್ಕಿಂತ ಹೆಚ್ಚಾಗಿ, ಧೂಮಪಾನ, ರಕ್ತದೊತ್ತಡ, ದುಡಿಮೆಯ ಬಗೆ ಇವುಗಳ ಮೂಲಕ ಒಟ್ಟು ಆರೋಗ್ಯದ ಮೇಲೆ ಪ್ರಭಾವ ಬೀರುತ್ತಿರಬಹುದು ಎಂದು ನನಗೆ ತೋರುತ್ತದೆ.

ಇನ್ನು ಓದು ಏನು ಮಾಡುತ್ತದೆ? ಬ್ರಿಟನ್ ಮತ್ತು ಫಿನ್‌ಲೆಂಡಿನಲ್ಲಿ ಮರಣಾನಂತರ ಮಿದುಳು ದಾನ ಮಾಡಿದ 872 ಮಂದಿಯನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಓದಿದವರ ಮಿದುಳಿನಲ್ಲೂ ರೋಗದ ಗುರುತುಗಳು ಕಡಿಮೆಯೇನೂ ಇರಲಿಲ್ಲ. ಅಷ್ಟೇ ಹಾನಿಯಿದ್ದರೂ ಬದುಕಿದ್ದಾಗ ಅವರಲ್ಲಿ ಡಿಮೆನ್ಷಿಯಾ ಕಾಣಿಸಿಕೊಂಡ ಸಂಭವ ಮಾತ್ರ ಕಡಿಮೆಯಾಗಿತ್ತು. ತಜ್ಞರು ಇದನ್ನು ಅರಿವಿನ ಮೀಸಲು ಎನ್ನುತ್ತಾರೆ. ಈ ಮೀಸಲು ಕಾಯಿಲೆಯನ್ನು ತಡೆಯುವುದಿಲ್ಲ, ಅದು ಹೊರಗೆ ಕಾಣುವುದನ್ನು ಮುಂದೂಡುತ್ತದೆ. ಮೀಸಲು ಮುಗಿಯುವ ವೇಳೆಗೆ ಹಾನಿ ಬಹಳ ಮುಂದುವರಿದಿರುವುದರಿಂದ, ಲಕ್ಷಣಗಳು ಶುರುವಾದ ಮೇಲೆ ಓದಿದವರಲ್ಲಿ ಇಳಿತ ಹೆಚ್ಚು ವೇಗವಾಗಿರುವುದೂ ಉಂಟು.

ನಿಮ್ಮ ತಂದೆಯ 28 ಅಂಕಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಂಥ ಚಿಕ್ಕ ಪರೀಕ್ಷೆಗಳು ಗಣಿತ ಪ್ರಾಧ್ಯಾಪಕರಿಗೆ ತೀರಾ ಸುಲಭ. ಅವರನ್ನು ಹೋಲಿಸಬೇಕಾದದ್ದು ಇತರರ ಸರಾಸರಿಯೊಂದಿಗಲ್ಲ, ಐದಾರು ವರ್ಷಗಳ ಹಿಂದಿನ ಅವರೊಂದಿಗೇ. ಆ ವ್ಯತ್ಯಾಸ ಮನೆಯವರಿಗಷ್ಟೇ ಗೊತ್ತು. ಕಂಡ ಬದಲಾವಣೆಗಳನ್ನು ಬರೆದುಕೊಂಡು ನರರೋಗ ತಜ್ಞರ ಬಳಿ ಹೋಗಿ, ವಿಸ್ತೃತ ಮನೋಪರೀಕ್ಷೆ ಮಾಡಿಸುವಂತೆ ಕೇಳಿ. ಬಿ12 ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕೆಲವು ಔಷಧಗಳು ಕೂಡ ಮರೆವು ತರುತ್ತವೆ, ಇವು ಸರಿಪಡಿಸಬಹುದಾದವು.

ಪ್ರಶ್ನೆ: ಶಾಲೆಯ ಮುಖ ನೋಡದ ನನ್ನ ತಾಯಿಗೆ ಅಪಾಯ ಖಚಿತವೇ?

ಉತ್ತರ: ಖಂಡಿತ ಇಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಕಡಿಮೆ ಶಿಕ್ಷಣ ಅವುಗಳಲ್ಲಿ ಒಂದು ಮಾತ್ರ. ರಕ್ತದೊತ್ತಡ, ಮಧುಮೇಹ, ಕಿವುಡು, ದೃಷ್ಟಿದೋಷ, ಒಂಟಿತನ ಇವೆಲ್ಲ ಅದೇ ಪಟ್ಟಿಯಲ್ಲಿವೆ. ತಾಯಿಗೆ ಕಿವಿ ಮಂದವಾಗಿದ್ದರೆ ಶ್ರವಣ ಪರೀಕ್ಷೆಯಿಂದಲೇ ಶುರುಮಾಡಿ.